ಪಾದ ತಿರುಗಿದ ಅನಸೂಯಮ್ಮ

ನನ್ನ ಮಗಳು ನವ್ಯ ಬಚ್ಚಲಿಗೆ ಒಬ್ಬಳೇ ಹೋಗುವುದನ್ನು ನಿಲ್ಲಿಸಿದ್ದು ಯುಗಾದಿಯ ಮಾರನೆಯ ದಿನದಿಂದ. ಹಬ್ಬಕ್ಕೆ ಬಂದಿದ್ದ ನನ್ನ ಮೈದುನ ಬಾಲಾಜಿ ಫೋನಿನಲ್ಲಿ ಅವಳಿಗೆ ಯಾವುದೋ ಹಳೆಯ ದೆವ್ವದ ಸಿನಿಮಾದ ತುಣುಕು ತೋರಿಸಿ, ಒಬ್ಬಟ್ಟು ಕಟ್ಟಿಸಿಕೊಂಡು ಊರಿಗೆ ಹೋದ. ದೆವ್ವ ನಮ್ಮ ಮನೆಯಲ್ಲೇ ಉಳಿಯಿತು.

ನಾವಿರುವುದು ಚಿನ್ನದ ಗಣಿಗಳಿದ್ದ ರಾಬರ್ಟ್‌ಸನ್‌ಪೇಟೆಯ ಹಳೆಯ ಬಾಡಿಗೆ ಮನೆಯಲ್ಲಿ. ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿದೆ. ಮುಂದೆ ಹಾಲ್, ಆಮೇಲೆ ಕೋಣೆ, ಅಡುಗೆಮನೆ, ಕಟ್ಟಕಡೆಗೆ ಒಂದು ಓಣಿಯಂಥ ಜಾಗ, ಅದರ ತುದಿಗೆ ಬಚ್ಚಲು. ಆ ಓಣಿಯಲ್ಲಿ ಹಗಲಲ್ಲೂ ಲೈಟ್ ಹಾಕಬೇಕು. ಒಂದನೇ ಕ್ಲಾಸಿಗೆ ಸೇರಬೇಕಾದ ಮಗು ಅಲ್ಲಿಗೆ ಹೋಗಬೇಕಾದರೆ ನನ್ನ ಚೂಡಿದಾರದ ತುದಿ ಹಿಡಿದುಕೊಂಡು, ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಡೆಯುತ್ತಿತ್ತು. ಶಾಲೆಯಲ್ಲಿ ಯಾರ ಚೂಡಿದಾರ ಹಿಡಿಯುತ್ತಾಳೆ? ಹಿಡಿಯಲು ಯಾರೂ ಸಿಗದೆ ಇಡೀ ದಿನ ತಡೆದುಕೊಂಡು ಕೂತರೆ? ನನ್ನ ತಲೆ ಒಮ್ಮೆ ಆ ದಾರಿ ಹಿಡಿದರೆ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಓದಿ ಬೆಳೆದವಳು, ಈ ಊರಿನ ನೀರಿಗೂ ನಾಯಿಗೂ ಧೂಳಿಗೂ ಹೆದರಿ ಹೆದರಿ ಈಗಷ್ಟೇ ಸ್ವಲ್ಪ ಸುಧಾರಿಸಿಕೊಂಡಿದ್ದೆ. ದೆವ್ವ ಲೆಕ್ಕದಲ್ಲೇ ಇರಲಿಲ್ಲ. ಮಕ್ಕಳ ಡಾಕ್ಟರು ನಕ್ಕು, "ಬಿಡಿ, ಮರೀತಾಳೆ" ಅಂದರು. ಅವಳು ಮರೆಯಲಿಲ್ಲ.

ಏನು ನೋಡಿದಳೋ ನೋಡೋಣ ಅಂತ ಒಂದು ಮಧ್ಯಾಹ್ನ ಆ ತುಣುಕನ್ನು ನಾನೇ ಹುಡುಕಿ ಹಾಕಿಕೊಂಡೆ. ಮೊದಲು ಬಂದದ್ದು ನಗು. ಬಾವಲಿ ಎಂದರೆ ಕೊಡೆಯ ಬಟ್ಟೆ, ಎಳೆಯುವ ದಾರ ಸ್ಪಷ್ಟವಾಗಿ ಕಾಣುತ್ತದೆ. ಹೀರೋನ ಅಂಟುಮೀಸೆ ಒಂದು ಕಡೆ ಬಿಟ್ಟುಕೊಂಡಿದೆ. ಸ್ಮಶಾನದ ದೃಶ್ಯದಲ್ಲಿ ಹಿಂದೆ ಒಂದು ಮೇಕೆ ತನ್ನ ಪಾಡಿಗೆ ತಾನು ಎಲೆ ತಿನ್ನುತ್ತಿದೆ. ಆಮೇಲೆ ಪಾಳುಬಂಗಲೆಯ ಬಾಗಿಲು ತೆಗೆಯುತ್ತದೆ. ಹೊಗೆ. ಹೊಗೆಯೊಳಗಿಂದ ಬಿಳಿ ಸೀರೆಯ ಒಂದು ಆಕೃತಿ, ಮುಖ ಮುಚ್ಚಿ ಮೊಣಕಾಲಿನವರೆಗೂ ಇಳಿದ ಕಪ್ಪು ಕೂದಲು, ನಮ್ಮ ಕಡೆಗೇ ಬರುತ್ತದೆ. ಹೆಜ್ಜೆ ಹಾಕಿದ ಹಾಗಿಲ್ಲ, ಯಾರೋ ಎಳೆದ ಹಾಗೆ ಬರುತ್ತದೆ. ಕೈ ಎತ್ತಿದರೆ ಮೊಣಕೈ ಮಡಿಯುವ ರೀತಿ ಏನೋ ಸರಿಯಿಲ್ಲ. ಕ್ಯಾಮೆರಾ ಕೆಳಗಿಳಿಯುತ್ತದೆ. ಹಿಮ್ಮಡಿ ನಮ್ಮ ಕಡೆ, ಬೆರಳು ಆ ಕಡೆ. ಆದರೂ ಅದು ಬರುತ್ತಿರುವುದು ನಮ್ಮ ಕಡೆಗೇ.

ನಗು ನಿಂತಿತು. ಫೋನನ್ನು ಸೋಫಾದ ಮೇಲೆ ಬೋರಲು ಹಾಕಿದೆ.

ಆಮೇಲೆ ಮತ್ತೆ ಎತ್ತಿಕೊಂಡು, ತುಣುಕಿನ ಕೆಳಗೆ ಜನ ಬರೆದದ್ದನ್ನು ಓದುತ್ತಾ ಹೋದೆ. ಒಬ್ಬರು ಚಿಕ್ಕಂದಿನಲ್ಲಿ ಇದನ್ನು ನೋಡಿ ಜ್ವರ ಬಂದು ಮಲಗಿದ್ದರಂತೆ, ಈಗ ಮೊಮ್ಮಗನಿಗೆ ತೋರಿಸುತ್ತಿದ್ದಾರಂತೆ. ಇನ್ನೊಬ್ಬರು ಬೇಜಾರಾದಾಗಲೆಲ್ಲ ಬಂದು ಇದನ್ನೇ ನೋಡುತ್ತಾರಂತೆ. ಇವರಿಗೆಲ್ಲ ಏನಾಗಿದೆ? ಕೋಟಿ ಸುರಿದು ಕಂಪ್ಯೂಟರಿನಲ್ಲಿ ದೆವ್ವ ಮಾಡುವ ಕಾಲದಲ್ಲಿ, ಕೊಡೆ ಬಟ್ಟೆಯ ಬಾವಲಿಗೆ ಮತ್ತೆ ಮತ್ತೆ ಬರುವುದೆಂದರೆ? ನನಗೆ ಗಾಬರಿಯ ಜೊತೆಗೆ ಕುತೂಹಲವೂ ಹತ್ತಿಕೊಂಡಿತು. ತುಣುಕನ್ನು ಮತ್ತೆ ಹಾಕಿದೆ.

ನಮ್ಮ ಮನೆಗೆಲಸದ ಅಂಬಿಕ ನೆಲ ಒರೆಸುತ್ತಾ ಬಂದವಳು ನನ್ನ ಭುಜದ ಹಿಂದೆ ನಿಂತು ಇಣುಕಿದಳು.

"ಅಯ್ಯೋ ಅಕ್ಕಾ, ಇದು ನಮ್ ದೊಡ್ಡಮ್ಮ ಅಲ್ವಾ!"

"ಯಾರು?"

"ಈ ದೆವ್ವ."

"ಅಂಬಿಕಾ, ತಮಾಷೆ ಬೇಡ. ಮಗು ಮೊದಲೇ ಹೆದರಿದೆ."

"ತಮಾಸೆ ಯಾಕ್ ಮಾಡ್ಲಿ? ನಮ್ಮಮ್ಮನ ಅಕ್ಕ, ಅನಸೂಯಮ್ಮ ಅಂತ. ಕಾಮಸಮುದ್ರದತ್ರ ಅಸು ಸಾಕ್ಕೊಂಡವ್ರೆ. ಡೈರಿಗೆ ಆಲು ತಕ್ಕಂಡೋದ್ರೆ, ದೆವ್ವದ ಆಲು ಬಂತು ದಾರಿ ಬಿಡ್ರಲೋ ಅಂತಾರೆ. ಈ ಸಿನ್ಮಾ ತೆಗೆದಿದ್ದು ಇಲ್ಲೇ ಅಲ್ವಾ, ಕೋರಮಂಡಲ್ ಬಂಗ್ಲೆನಾಗೆ."

"ಹಾಗಾದ್ರೆ ಆ ಕಾಲು? ಅದನ್ನ ಹೇಗೆ ಮಾಡಿದ್ರು?"

ಅಂಬಿಕ ಬಟ್ಟೆ ಹಿಂಡಿದಳು. "ಅದೊಂದು ಮಾತ್ರ ಏಳಲ್ಲ. ನಮ್ ದೊಡ್ಡಪ್ಪಂಗೇ ಇವತ್ತಿನ್ ತನಕ ಏಳಿಲ್ಲ. ಆವಯ್ಯ ಕೇಳಿ ಕೇಳಿ ಮುದುಕ ಆಗೋದ."

ನನ್ನ ಮನಸ್ಸಿನಲ್ಲಿ ಯೋಜನೆ ಸಿದ್ಧವಾಯಿತು. ಮಗುವನ್ನು ಕರೆದುಕೊಂಡು ಹೋಗುವುದು. ದೆವ್ವ ಎಂದರೆ ಹಸು ಸಾಕುವ ಒಬ್ಬ ಅಜ್ಜಿ ಅಂತ ತೋರಿಸುವುದು. ಕಾಲಿನ ಗುಟ್ಟನ್ನು ಹೇಗಾದರೂ ಬಿಡಿಸಿಕೊಂಡು ಬರುವುದು. ನನ್ನ ಗಂಡ ಕೇಳಿದ್ದು ಒಂದೇ ಮಾತು: "ದೆವ್ವಕ್ಕೆ ಹೆದರಿದ ಮಗೂನ ದೆವ್ವದ ಮನೆಗೇ ಕರ್ಕೊಂಡ್ ಹೋಗ್ತೀಯಾ?" ಅದು ಸರಿಯೇ ಅನ್ನಿಸಿತು. ಆದರೂ ಭಾನುವಾರ ನೀರಿನ ಬಾಟಲಿ, ಬಿಸ್ಕತ್ತು, ಒಂದು ಜೊತೆ ಬದಲಿ ಬಟ್ಟೆ ತುಂಬಿಕೊಂಡು ಅಂಬಿಕಳ ಜೊತೆ ಹೊರಟೆ.

ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತ ಮೇಲೆ ನವ್ಯ ಮೊದಲ ಬಾರಿ ಬಾಯಿ ಬಿಟ್ಟಳು.

"ಅಮ್ಮಾ, ಅವರ ಕಾಲು ಹಿಂದೆ ತಿರುಗಿರುತ್ತಲ್ಲ, ಚಪ್ಪಲಿ ಹೇಗೆ ಹಾಕ್ಕೋತಾರೆ?"

ನಾನು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಅವಳ ಕೈಗಿಟ್ಟೆ.

ಅನಸೂಯಮ್ಮನ ಮನೆ ಊರಿನ ಅಂಚಿಗಿತ್ತು. ಹಂಚಿನ ಮನೆ, ಪಕ್ಕದಲ್ಲಿ ಶೀಟು ಹೊದಿಸಿದ ಕೊಟ್ಟಿಗೆ, ನಡುವೆ ಸಗಣಿ ಸಾರಿಸಿದ ಅಂಗಳ. ಅವರ ಗಂಡ ರಾಮಚಂದ್ರಪ್ಪ ಕಲ್ಲಿನ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ಬೇರೆ ಮಾಡುತ್ತಿದ್ದರು. ಕೊಟ್ಟಿಗೆಯಿಂದ ಎತ್ತರದ, ಬಿಗಿಯಾದ ಮೈಕಟ್ಟಿನ ಹೆಂಗಸು ಕೈ ಒರೆಸಿಕೊಳ್ಳುತ್ತಾ ಬಂದರು. ಬಾಯಿತುಂಬ ಎಲೆಅಡಿಕೆ. ಕೂದಲು ಬೆಳ್ಳಗಾಗಿತ್ತು, ಆದರೆ ಕತ್ತಿನ ಮೇಲೆ ಕೂತ ತುರುಬು ತೆಂಗಿನಕಾಯಿಯ ಗಾತ್ರಕ್ಕಿತ್ತು.

"ಬಾರಮ್ಮ ಬಾ! ದೆವ್ವದ ಮನೆಗೆ ಎದ್ರುಕೊಳ್ದೆ ಬಂದ್ಯಲ್ಲ, ಭೇಷ್! ಎಲ್ಲಿ ಆ ಮಗು?"

ಮಗು ನನ್ನ ಹಿಂದೆ ಅಡಗಿ, ನೆಲದ ಹತ್ತಿರದಿಂದ ಒಂದೇ ಕಣ್ಣಲ್ಲಿ ನೋಡುತ್ತಿತ್ತು.

ಮಜ್ಜಿಗೆ ಬಂತು. ನೀರು ಕಾಯಿಸಿದ್ದೋ ಅಲ್ಲವೋ ಅನ್ನುವ ಯೋಚನೆಯನ್ನು ನುಂಗಿಕೊಂಡು ಕುಡಿದೆ. ಸಿನಿಮಾ ಮಾತು ತೆಗೆದದ್ದೇ ತಡ, ಅನಸೂಯಮ್ಮ ಜಗಲಿಗೆ ಒರಗಿ ಕಾಲು ಚಾಚಿಕೊಂಡರು. ಕೇಳುವವರು ಸಿಕ್ಕರೆ ಹೇಳಲು ಅವರು ಯಾವತ್ತೂ ತಯಾರು ಅಂತ ಅಂಬಿಕ ಮೊದಲೇ ಎಚ್ಚರಿಸಿದ್ದಳು.

ಅವರ ಅಪ್ಪ ಮುನಿಶಾಮಪ್ಪ ಕತ್ತಾಳೆ ನಾರಿನಿಂದ ಹಗ್ಗ ಹೊಸೆದು ಬಂಗಾರಪೇಟೆ ಸಂತೆಯಲ್ಲಿ ಮಾರುತ್ತಿದ್ದರು. ಬಾವಿಗೆ, ದನಕ್ಕೆ, ಗಾಡಿಗೆ ಎಲ್ಲಕ್ಕೂ ಆಗ ಅದೇ ಹಗ್ಗ. ತಾಯಿ ಇಲ್ಲದ ಮಗಳು ಅಪ್ಪನ ಜೊತೆಗೇ ದುಡಿಯುತ್ತಿದ್ದಳು. ಮದರಾಸಿನಿಂದ ಸಿನಿಮಾದವರು ಕೋರಮಂಡಲ್‌ಗೆ ಬಂದು, ಗಣಿ ದೊರೆಗಳು ಬಿಟ್ಟುಹೋಗಿದ್ದ ಒಂದು ಖಾಲಿ ಬಂಗಲೆಯಲ್ಲಿ ಇಳಿದರು. ಕ್ಯಾಮೆರಾದ ತಳ್ಳುಗಾಡಿ ಎಳೆಯಲು ಉದ್ದದ ಹಗ್ಗ ಬೇಕೆಂದು ಹೇಳಿಕಳಿಸಿದರು. ಅಪ್ಪ ಮಗಳು ಕೊಂಡೊಯ್ದ ಹಗ್ಗ ಸಾಲಲಿಲ್ಲ. ಅಲ್ಲೇ ಕಾಂಪೌಂಡಿನಲ್ಲಿ ಕೂತು ಹೊಸೆದುಕೊಡಿ ಅಂದರಂತೆ.

"ಅವ್ರತ್ರ ದೆವ್ವಕ್ಕೆ ಅಂತ ಮದ್ರಾಸ್ ಉಡುಗಿ ಇದ್ಳು ಕಣಮ್ಮ. ಕಾಲು ಇಂದ್ಮುಂದೆ ಇರಬೇಕು ಅಂತ ಸುಣ್ಣದ್ ಗಾರೆನಾಗೆ ಪಾದ ಮಾಡ್ಸಿದ್ರು. ಆವಮ್ಮ ಒಂದೆಜ್ಜೆ ಇಟ್ಳು, ಪುಟುಕ್ ಅಂತ ಒಡೆದೋಯ್ತು. ಇನ್ನೊಂದ್ ಮಾಡ್ಸೋಕೆ ದುಡ್ಡೆಲ್ಲಿತ್ತು ಅವ್ರತ್ರ! ಊಟಕ್ಕೇ ಬರೀ ಚಿತ್ರಾನ್ನ. ಆಗ ಡೈರೆಕ್ಟ್ರು ನನ್ನ ನೋಡಿದ್ರು."

"ಕೂದ್ಲು ನೋಡಿದ್ರು" ಎಂದು ರಾಮಚಂದ್ರಪ್ಪ ಹುಣಸೆಹಣ್ಣು ಕುಟ್ಟುತ್ತಲೇ ತಿದ್ದಿದರು.

"ನೀ ಸುಮ್ನಿರು, ನೀನಿದ್ಯಾ ಅಲ್ಲಿ?"

ಮುನಿಶಾಮಪ್ಪ ಒಪ್ಪಲಿಲ್ಲವಂತೆ. ಮದುವೆಯಾಗಬೇಕಾದ ಹುಡುಗಿಯ ಮುಖ ಸಿನಿಮಾದಲ್ಲಿ ಕಂಡರೆ ಯಾರು ತಾಳಿ ಕಟ್ಟುತ್ತಾರೆ? ಡೈರೆಕ್ಟರು ಅವರ ಕೈ ಹಿಡಿದುಕೊಂಡು, ಮುಖ ಕಾಣುವುದೇ ಇಲ್ಲ, ಒಂದು ಕೂದಲೆಳೆಯಷ್ಟೂ ಕಾಣುವುದಿಲ್ಲ ಅಂತ ಆಣೆ ಮಾಡಿದರು. ಹಾಗಾದರೆ ಸರಿ ಅಂದರು ಅಪ್ಪ. ಡೈರೆಕ್ಟರು ಮಗಳಿಂದಲೂ ಒಂದು ಮಾತು ತೆಗೆದುಕೊಂಡರು. ಕಾಲಿನ ಗುಟ್ಟು ಯಾರಿಗೂ ಹೇಳಕೂಡದು, ಹೇಳಿದ ದಿನ ದೆವ್ವ ಸತ್ತುಹೋಗುತ್ತದೆ.

"ಸಾಂಬ್ರಾಣಿ ಒಗೆ ಆಕಿ ಆಕಿ ಎಲ್ರಿಗೂ ಕೆಮ್ಮು. ಸೌಂಡ್ ಜಾಸ್ತಿ ಮಾಡಿ ಕೇಳ್ನೋಡು, ಮಧ್ಯದಾಗೆ ಒಬ್ಬ ಕೆಮ್ತಾನೆ, ನಮ್ಮಪ್ಪನೇ ಅದು."

ಸಿನಿಮಾ ರಾಬರ್ಟ್‌ಸನ್‌ಪೇಟೆಯ ಟಾಕೀಸಿಗೆ ಬಂದಾಗ ಅಪ್ಪ ಮಗಳು ಹೋಗಿ ಹೆಂಗಸರ ಬೆಂಚು, ಗಂಡಸರ ಬೆಂಚು ಅಂತ ಬೇರೆ ಬೇರೆ ಕೂತರು. ಬಂಗಲೆಯ ಬಾಗಿಲು ತೆಗೆಯಿತು. ಬಿಳಿ ಸೀರೆ ಬಂತು. ಪಕ್ಕದಲ್ಲಿ ಕೂತಿದ್ದ ಯಾರೋ ಗೊತ್ತಿಲ್ಲದ ಹೆಂಗಸು ಕಿಟಾರನೆ ಕಿರುಚಿ ಅನಸೂಯಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ನೋಡಿ ಎದ್ರಿ, ನನ್ ಕೈನೇ ಇಡ್ಕೊಂಡ್ಳು ಕಣಮ್ಮ! ನಾನೇನೂ ಅನ್ಲಿಲ್ಲ. ಎದ್ರುಕೋಬೇಡ ಅಕ್ಕ, ನಾನಿಲ್ವಾ ಅಂದೆ." ಹೇಳಿ ಅವರು ನಕ್ಕ ನಗುವಿಗೆ ಕೊಟ್ಟಿಗೆಯ ಹಸು ತಲೆ ಎತ್ತಿತು. "ಆವತ್ತಿನ ಕೈ ಇನ್ನೂ ಇಲ್ಲೇ ಐತೆ ಅನ್ಸುತ್ತೆ." ಮಣಿಕಟ್ಟನ್ನು ತೋರಿಸಿದರು.

ಮುಖ ಕಾಣದಿದ್ದರೂ ಸುದ್ದಿ ನಿಲ್ಲಲಿಲ್ಲ. ದೆವ್ವ ಆಡಿದವಳ ಮೈಮೇಲೆ ದೆವ್ವ ಇದ್ದೇ ಇರುತ್ತದೆ ಅಂತ ಬಂದ ಸಂಬಂಧಗಳು ವಾಪಸ್ಸು ಹೋದವು. ಕೊನೆಗೆ ಬಂದದ್ದು ರಾಮಚಂದ್ರಪ್ಪನ ಮನೆಯವರು. ಹೆಣ್ಣು ನೋಡುವಾಗ ಹಾಡು ಹೇಳಿಸಲಿಲ್ಲ, ರಂಗೋಲಿ ಕೇಳಲಿಲ್ಲ.

"ನಮ್ಮತ್ತೆ ಏನಂದ್ರು ಗೊತ್ತಾ? ಉಡುಗಿ ಸೀರೆ ಸ್ವಲ್ಪ ಮೇಲೆತ್ತಿ ಪಾದ ತೋರಿಸ್ಲಿ, ನಡೆದು ತೋರಿಸ್ಲಿ!"

"ನಾನು ಮಾತ್ರ ಕುಸಿಯಾಗಿ ಒಪ್ಕೊಂಡೆ" ಅಂದರು ರಾಮಚಂದ್ರಪ್ಪ. "ಆ ಸಿನ್ಮಾ ಎಷ್ಟ್ ಸಲ ನೋಡಿದ್ನೋ. ಮದ್ವೆ ಆದ್ಮೇಲೆ ಒಂದೇ ಒಂದ್ ದಪ ನನ್ ಮುಂದೆ ಅಂಗೆ ನಡಿ ಅಂತ ಕೇಳ್ತಾನೇ ಇವ್ನಿ. ಮೊಮ್ಮಕ್ಕಳಾದ್ವು, ಇನ್ನೂ ನಡೀಲಿಲ್ಲ. ನಂಗನ್ಸುತ್ತೆ, ಕ್ಯಾಮ್ರದಾಗೇ ಏನೋ ಮಾಡವ್ರೆ."

ಅನಸೂಯಮ್ಮ ಅವರ ಕಡೆ ನೋಡದೆ ಎಲೆಗೆ ಸುಣ್ಣ ಹಚ್ಚಿದರು.

ನಾನು ಬಂದ ಕೆಲಸ ನೆನಪಾಗಿ ಮೆಲ್ಲಗೆ ಕೇಳಿದೆ. "ಅಮ್ಮಾ, ಮಗು ತುಂಬ ಹೆದರಿದೆ. ಅದು ಹೇಗೆ ಮಾಡಿದ್ದು ಅಂತ ಹೇಳಿಬಿಟ್ರೆ…"

"ಏಳ್ಬಾರ್ದು ಕಣಮ್ಮ. ಮಾತ್ ಕೊಟ್ಟಿವ್ನಿ. ನೋಡ್ತಾ ಇದ್ಯಲ್ಲ, ಎದ್ರುಕೊಳ್ಳೋಕೇನೈತೆ ನನ್ನಾಗೆ?" ಎಂದು ನವ್ಯಳ ಕಡೆ ಬಾಗಿದರು. "ಬಾ ಚಿನ್ನಾ, ನಾನೇ ಆ ದೆವ್ವ."

ನವ್ಯ ನನ್ನ ಹಿಂದಿನಿಂದ ಈಚೆ ಬಂದಳು. ಅನಸೂಯಮ್ಮನ ಮುಖ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ಅವರ ಪಾದಗಳನ್ನು ನೋಡಿದಳು. ಒಡೆದ ಹಿಮ್ಮಡಿ, ಕಾಲುಂಗುರ, ಸಗಣಿ ಮೆತ್ತಿದ ಬೆರಳು. ಎಲ್ಲ ಮುಂದಕ್ಕೇ ಇತ್ತು.

"ನೀವಲ್ಲ" ಅಂದಳು. "ಸುಳ್ಳು. ನಿಮ್ಮ ಕಾಲು ಸರಿಯಾಗಿದೆ. ಅದು ಬೇರೆ ಇದೆ."

ಬಂದಾಗ ಇದ್ದದ್ದಕ್ಕಿಂತ ಕೆಟ್ಟದಾಯಿತು. ಅಜ್ಜಿ ದೆವ್ವ ಅಲ್ಲ ಅಂದರೆ ನಿಜವಾದದ್ದು ಇನ್ನೂ ಎಲ್ಲೋ ಇದೆ ಅಂತ ಅರ್ಥ. ಎಲ್ಲಿ ಅಂತಲೂ ನನಗೆ ಗೊತ್ತಿತ್ತು. ನಮ್ಮ ಬಚ್ಚಲ ಓಣಿಯಲ್ಲಿ.

ಆದರೆ ಅನಸೂಯಮ್ಮನ ಮುಖ ನೋಡಿದರೆ ನನಗಿಂತ ಅವರಿಗೇ ಹೆಚ್ಚು ಪೆಟ್ಟಾಗಿತ್ತು. ಎಲೆ ಅಗಿಯುವುದು ನಿಂತಿತ್ತು. ಅತ್ತೆಯ ಅನುಮಾನ, ಊರಿನ ಹಾಸ್ಯ ಎಲ್ಲವನ್ನೂ ನಗುನಗುತ್ತಾ ತಡೆದುಕೊಂಡವರು. ಅವರೆಲ್ಲ ನಂಬಿದ್ದರಿಂದಲೇ ಹೆದರಿದ್ದರು, ನಂಬಿದ್ದರಿಂದಲೇ ಆಡಿಕೊಂಡಿದ್ದರು. ನೀನಲ್ಲ ಅಂತ ಎದುರಿಗೆ ನಿಂತು ಹೇಳಿದವರು ಇವಳೊಬ್ಬಳೇ ಇರಬೇಕು.

"ನಾನಲ್ವಾ?" ಅಂದರು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. "ನೀನೊಳಕ್ ಬಾರಮ್ಮ" ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದರು.

ಒಳಕೋಣೆಯಲ್ಲಿ ಪೆಟ್ಟಿಗೆಯಿಂದ ಗಂಡನ ಒಂದು ಬಿಳಿ ಪಂಚೆ, ಒಂದು ಬಿಳಿ ಟವಲು ತೆಗೆದರು. ನನ್ನ ಕೈಗೆ ಪಿನ್ನು ಕೊಟ್ಟು ಬೆನ್ನು ಮಾಡಿ ನಿಂತರು. "ಎಲ್ಲಾ ಇಂದುಗಡೆ ಬರಬೇಕು. ನಿರಿಗೆ ಬೆನ್ನಿಗೆ, ಸೆರಗು ಬೆನ್ನಿಗೆ. ನನ್ ಬೆನ್ನೇ ಎದೆ ಅಂತ ತಿಳ್ಕೊ." ನಾನು ಹಾಗೆ ತಿಳಿದುಕೊಂಡೇ ಉಡಿಸಿದೆ. ತುರುಬು ಬಿಚ್ಚಿದರು. ಬಿಳಿಯ ಕೂದಲು ಸೊಂಟ ದಾಟಿ ಇಳಿಯಿತು. ಹಿಂದಲೆ ಪೂರ್ತಿ ಮುಚ್ಚುವ ಹಾಗೆ ನಾನೇ ಹರಡಿದೆ. ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿ ಬಾಯಿಗೆ ಬಂದ ಕೂಗನ್ನು ತಡೆದುಕೊಂಡೆ.

"ಡೈರೆಕ್ಟ್ರಿಗೆ ಕೊಟ್ ಮಾತು ಒಂದು ನೆಪ ಕಣಮ್ಮ" ಎಂದರು ತಗ್ಗಿದ ದನಿಯಲ್ಲಿ. "ಗೊತ್ತಾದ್ರೆ ನನ್ ಗಂಡ, ಇಷ್ಟೇನಾ ಅಂತಾನೆ. ಅದುಕ್ಕೇ ಏಳ್ಲಿಲ್ಲ. ಓಗ್ಲಿ, ಸುಳ್ಳುಗಾತಿ ಅನ್ಸಿಕೊಳ್ಳೋದಕ್ಕಿಂತ ಅದೇ ವಾಸಿ."

ನಾನು ಮೊದಲು ಹೊರಗೆ ಬಂದು ನವ್ಯಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ನಡು ಮಧ್ಯಾಹ್ನದ ಬಿಸಿಲು ಅಂಗಳದ ತುಂಬ ಬಿದ್ದಿತ್ತು. ಹಸು ಮೆಲುಕು ಹಾಕುತ್ತಿತ್ತು. ಕೋಳಿಯೊಂದು ಹುಣಸೆ ಬೀಜ ಕೆದಕುತ್ತಿತ್ತು. ಹೆದರುವುದಕ್ಕೆ ಬೇಕಾದ ಯಾವ ಸಾಮಾನೂ ಅಲ್ಲಿರಲಿಲ್ಲ.

ಮನೆಯ ಬಾಗಿಲಿಂದ ಅದು ಬಂತು.

ನಾನೇ ಪಿನ್ನು ಹಾಕಿದ್ದೆ. ನಾನೇ ಕೂದಲು ಹರಡಿದ್ದೆ. ಅದು ಬೆನ್ನು, ಅದು ಪಂಚೆ, ಅವರು ಅನಸೂಯಮ್ಮ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮುಖವಿಲ್ಲದ ಆ ಬಿಳಿ ಆಕೃತಿ ಹೊಸಿಲು ದಾಟಿ, ಎರಡು ಮೆಟ್ಟಿಲನ್ನು ತಡವರಿಸದೆ ಇಳಿದು, ನೇರ ಗೆರೆ ಎಳೆದ ಹಾಗೆ ನಮ್ಮ ಕಡೆಗೆ ಜಾರಿ ಬರತೊಡಗಿದಾಗ ನನ್ನ ಕತ್ತಿನ ಹಿಂದಿನ ಕೂದಲು ನಿಂತವು. ಕೈಗಳು ಮೇಲೆದ್ದವು, ಮೊಣಕೈ ಆ ಕಡೆಗೆ ಮಡಿಯಿತು. ಒಡೆದ ಹಿಮ್ಮಡಿಗಳು ಒಂದಾದ ಮೇಲೊಂದು ನಮ್ಮ ಕಡೆ. ಅಂಬಿಕ "ಅಮ್ಮಮ್ಮೋ" ಅಂದಳು. ಕುಟ್ಟುತ್ತಿದ್ದ ಕಲ್ಲು ನಿಂತಿತು.

ನವ್ಯಳ ಉಗುರು ನನ್ನ ತೋಳಿಗೆ ನೆಟ್ಟಿತ್ತು. ಎತ್ತಿಕೊಂಡು ಓಡಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ನನ್ನ ಕೈ ಬಿಡಿಸಿಕೊಂಡು ಜಾರಿ ಇಳಿದಳು. ಬರುತ್ತಿದ್ದ ದೆವ್ವದಿಂದ ದೂರ ಉಳಿದು, ದೊಡ್ಡ ಸುತ್ತು ಹಾಕಿ, ಅದರ ಆಚೆ ಕಡೆಗೆ ಹೋಗಿ ನಿಂತು ತಲೆಯೆತ್ತಿ ನೋಡಿದಳು.

"ಅಮ್ಮಾ!" ಎಂದು ಕೂಗಿದಳು. "ಕಾಲು ಸರಿಯಾಗೇ ಇದೆ! ಮುಖ ಹಿಂದಿದೆ! ಅಜ್ಜಿ ನಗ್ತಾ ಇದ್ದಾರೆ!"

ಅನಸೂಯಮ್ಮ ಅಲ್ಲೇ ನಿಂತರು, ನಗುವಿಗೆ ಬೆನ್ನಿನ ಕೂದಲೆಲ್ಲ ಅಲುಗಿತು. ನವ್ಯ ಈ ಕಡೆ ಬಂದು ದೆವ್ವ ನೋಡಿದಳು, ಆ ಕಡೆ ಹೋಗಿ ಅಜ್ಜಿ ನೋಡಿದಳು, ಮತ್ತೆ ಈ ಕಡೆ ಬಂದಳು.

ರಾಮಚಂದ್ರಪ್ಪ ಕಲ್ಲು ಕೆಳಗಿಟ್ಟರು.

"ಇಷ್ಟೇನಾ?"

ಅನಸೂಯಮ್ಮ ತಿರುಗಲಿಲ್ಲ. "ಊಂ. ಇಷ್ಟೇ."

"ಇಂದಕ್ ನಡ್ಯೋದು. ಅಗ್ಗ ಒಸೆಯೋವಾಗ ನಡೆಯೋ ಅಂಗೆ."

"ಅಂಗೇ."

ಆಗ ನನಗೆ ಹಗ್ಗದ ವಿಷಯ ತಿಳಿಯಿತು. ನಾರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಪ್ಪ ಆ ತುದಿಯಲ್ಲಿ ರಾಟೆ ತಿರುಗಿಸುತ್ತಿದ್ದರೆ ಮಗಳು ನಾರು ಬಿಡುತ್ತಾ ಹಿಂದೆ ಹಿಂದೆ ಹೋಗಬೇಕು. ತಿರುಗಿ ನೋಡಿದರೆ ಎಳೆ ಗಂಟಾಗುತ್ತದೆ, ಕಾಲು ಕುಲುಕಿದರೆ ಹಗ್ಗ ಒಂದೇ ದಪ್ಪ ಬರುವುದಿಲ್ಲ. ಬುದ್ಧಿ ಬಂದಾಗಿನಿಂದ ಅವರ ಹಿಮ್ಮಡಿಯೇ ಅವರ ಕಣ್ಣು. ಬಂಗಲೆಯ ಕಾಂಪೌಂಡಿನಲ್ಲಿ ತಲೆಸ್ನಾನ ಮಾಡಿ ಕೂದಲು ಹರಡಿಕೊಂಡು ಹೊಸೆಯುತ್ತಿದ್ದ ಹುಡುಗಿಯ ಬೆನ್ನು ತನ್ನ ಕಡೆಗೇ ತೇಲಿಬರುವುದನ್ನು ಕಂಡ ಡೈರೆಕ್ಟರು ಬೀಡಿ ಬಿಸಾಕಿ, "ಅಪ್ಪಡಿಯೇ ವಾಮ್ಮಾ! ತಿರುಂಬಾದೇ!" ಎಂದು ತಮಿಳಿನಲ್ಲಿ ಕೂಗಿದರಂತೆ. ಹಾಗೇ ಬಾ, ತಿರುಗಬೇಡ. ಮದುವೆಯಾಗಿ ಹಸುವಿನ ಮನೆಗೆ ಬಂದ ಮೇಲೆ ಹಗ್ಗದ ಕೆಲಸ ಬಿಟ್ಟುಹೋಯಿತು. ಗಂಡ ಅವರು ಹಾಗೆ ನಡೆದದ್ದನ್ನು ನೋಡಿರಲೇ ಇಲ್ಲ.

ಇದೆಲ್ಲ ಹೇಳಿ ಮುಗಿದ ಮೇಲೂ ಅನಸೂಯಮ್ಮ ಗಂಡನ ಕಡೆಗೆ ಬೆನ್ನು ಹಾಕಿಯೇ ನಿಂತಿದ್ದರು. ನವ್ಯ ಒಬ್ಬಳೇ ಅವರ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

ರಾಮಚಂದ್ರಪ್ಪ ಹುಣಸೆಯ ಅಂಟು ಕೈಯನ್ನು ಪಂಚೆಗೆ ಒರೆಸಿ ನೆಟ್ಟಗೆ ಕೂತರು.

"ಲೇ, ಇನ್ನೊಂದ್ಸಲ ಬಾ."

"ಇಷ್ಟೇನಾ ಅಂದ್ಯಲ್ಲ?"

"ಅಂದೆ. ಬಾ ಇನ್ನೊಂದ್ಸಲ. ಬಾಗ್ಲಿಂದ ಬಾ." ಅವರು ತಮ್ಮ ತೋಳನ್ನು ನನ್ನ ಕಡೆ ಚಾಚಿದರು. "ನೋಡ್ರಮ್ಮ ಇಲ್ಲಿ. ಬೆನ್ನು ಅಂತ ಗೊತ್ತಾಯ್ತು, ಆದ್ರೂ ರೋಮ ಎಂಗೆ ನಿಂತವೆ."

ನಾನೂ ನನ್ನ ತೋಳು ತೋರಿಸಿದೆ.

ಅನಸೂಯಮ್ಮ ಬಾಗಿಲಿಗೆ ಹೋಗಿ ಮತ್ತೆ ಬಂದರು. ಆಮೇಲೆ ಇನ್ನೊಮ್ಮೆ. ಕೊನೆಯ ಸಲ ಅವರ ಹಿಂದೆ ನವ್ಯಳೂ ಹಿಮ್ಮುಖವಾಗಿ ಬಂದು ಕೋಳಿಗೆ ಎಡವಿ ಬಿದ್ದಳು. "ಇಮ್ಮಡಿ ಮೊದ್ಲು ಇಡು ಚಿನ್ನಾ, ಆಮೇಲೆ ಭಾರ ಬಿಡು" ಎಂದು ದೆವ್ವ ಅವಳಿಗೆ ಪಾಠ ಹೇಳಿಕೊಟ್ಟಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನವ್ಯ ಕಿಟಕಿಗೆ ಹಣೆ ಒತ್ತಿ ಕೂತಳು. ಹೆದರಿಕೆ ಹೋಯಿತೋ, ಹೆಚ್ಚಾಯಿತೋ? ಮೂರು ಸಲ ತೋರಿಸಬಾರದಿತ್ತೋ? ಕೇಳಿದರೆ ಮರೆತದ್ದನ್ನು ನೆನಪಿಸಿದ ಹಾಗಾಗುತ್ತದೋ ಅಂತ ಕೇಳಲೂ ಇಲ್ಲ. ಕಿಟಕಿಯಾಚೆ ಗಣಿಯ ಮಣ್ಣಿನ ಗುಡ್ಡೆ ಕಂಡಾಗ ಅವಳು ಫೋನು ಕೇಳಿದಳು. ಕೊಡಲೋ ಬೇಡವೋ ಅಂದುಕೊಳ್ಳುತ್ತಲೇ ಕೊಟ್ಟೆ. ಅವಳು ಆ ತುಣುಕು ಹಾಕಿಸಿಕೊಂಡು, ಸೌಂಡ್ ಜಾಸ್ತಿ ಮಾಡಿ ಕಿವಿಗಿಟ್ಟುಕೊಂಡಳು.

"ಅಮ್ಮಾ, ಅಜ್ಜಿಯ ಅಪ್ಪ ಕೆಮ್ಮಿದ್ರು!"

ನಾನೂ ಕಿವಿಕೊಟ್ಟೆ. ಹೌದು, ಕೆಮ್ಮಿತ್ತು. ಇಬ್ಬರೂ ಸೇರಿ ಮೇಕೆ ಹುಡುಕಿದೆವು, ದಾರ ಹುಡುಕಿದೆವು. ಬಾಗಿಲು ತೆಗೆದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಅಥವಾ ನಾನು ಹಿಡಿದುಕೊಂಡೆನೋ, ಈಗ ನೆನಪಿಲ್ಲ.

ಸಂಜೆ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಎಷ್ಟು ಹೊತ್ತಾದರೂ ಚೂಡಿದಾರ ಯಾರೂ ಎಳೆಯಲಿಲ್ಲ. ಏನು ಮಾಡುತ್ತಿದ್ದಾಳೆ ಅಂತ ಕೋಣೆಯ ಕಡೆ ತಿರುಗಿದೆ. ಅಲ್ಲಿಂದ ಒಂದು ಪುಟ್ಟ ಆಕೃತಿ ನನ್ನ ಕಡೆಗೆ ಬರುತ್ತಿತ್ತು. ನನ್ನ ಬಿಳಿ ದುಪಟ್ಟಾ ಮೈಗೆ ಸುತ್ತಿತ್ತು, ಮುಖವಿರಬೇಕಾದ ಕಡೆ ಕೂದಲು, ಹಿಮ್ಮಡಿ ಮುಂದೆ, ಮೊಣಕೈ ತಿರುಗುಮುರುಗು.

ಗೊತ್ತಿತ್ತು. ಎಲ್ಲ ಗೊತ್ತಿತ್ತು. ಆದರೂ ನಾನು ಕಿರುಚಿದೆ. ಒಲೆಯ ಮೇಲೆ ಹಾಲು ಉಕ್ಕಿತು.

ದೆವ್ವ ಕಿಲಕಿಲ ನಕ್ಕಿತು. ನಿಲ್ಲದೆ, ತಿರುಗದೆ, ಹಿಮ್ಮಡಿ ಮೊದಲು ಇಡುತ್ತಾ ನನ್ನನ್ನು ದಾಟಿ ಓಣಿಗೆ ಇಳಿಯಿತು. ಲೈಟ್ ಹಾಕಿರಲಿಲ್ಲ. ಬೆನ್ನು ಕತ್ತಲ ಕಡೆ, ಮುಖ ನನ್ನ ಕಡೆ, ಬಾಯಿತುಂಬ ನಗು. ಹಾಗೇ ಓಣಿಯ ಕೊನೆಯವರೆಗೂ ಹೋಗಿ ಬಚ್ಚಲೊಳಗೆ ಸೇರಿ ಬಾಗಿಲು ಹಾಕಿಕೊಂಡಿತು.

"ಅಮ್ಮಾ, ನೀನು ಬರಬೇಡ" ಅಂತ ಒಳಗಿನಿಂದ ಕೂಗಿತು.